ನಾನಮ್ಮ

ಚಿಕ್ಕಮ್ಮ ಕೈಯಿರುವ ಕುರ್ಚಿಯನ್ನು ಒಳಕೋಣೆಗೆ ಎಳೆದೊಯ್ಯುತ್ತಿದ್ದಳು. ಅದರ ಕಾಲು ಹೊಸ್ತಿಲಿಗೆ ಸಿಕ್ಕಿಕೊಂಡಿತು.

"ಏನ್ ಮಾಡ್ತಿದೀಯ ಚಿಕ್ಕಮ್ಮ?" ಅಕ್ಕನ ಮಗಳು ಕೇಳಿದಳು.

"ಇರೋದೊಂದೇ ಒಳ್ಳೇ ಕುರ್ಚಿ. ಆ ಮಹಾನುಭಾವ ಬಂದು ಇದರಲ್ಲಿ ಒರಗಿಕೊಂಡು ನನ್ನಕ್ಕನ ಹೆಣ ನೋಡಬೇಕಾ? ನಿಂತೇ ಇರಲಿ. ಮಂಡಿನೋವಂತೆ ಅವನಿಗೆ."

ಮಗಳು ಬಗ್ಗಿ ಕುರ್ಚಿಯ ಕಾಲು ಬಿಡಿಸಿಕೊಟ್ಟಳು. ಮುಂದಿನ ಕೋಣೆಯಲ್ಲಿ ತಾಯಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಸುತ್ತ ಶಾಲೆಯಿಂದ ತಂದ ಬೆಂಚುಗಳು, ಅವುಗಳ ಮೇಲೆ ಇಡೀ ಬಡಾವಣೆ.

"ಒಳಗೇ ಬಿಡಬೇಡ ಕಣೇ ಅವನ್ನ. ನಿಮ್ಮಪ್ಪನ್ನ ತಿಂದು ನೀರು ಕುಡಿದವನು. ಈಗ ನಮ್ಮ ಹಕ್ಕು ಕಾಯೋ ಸಮಿತಿಗೆ ಅಧ್ಯಕ್ಷ! ಬೆಕ್ಕನ್ನ ಹಾಲಿಗೆ ಕಾವಲಿಟ್ಟ ಹಾಗೆ."

"ಹೊರದೇಶದವರು ನಡೆಸೋ ಸಮಿತಿ. ಅವರಿಗೇನು ಗೊತ್ತು ಇವನ ಹಳೇ ಕತೆ?"

"ಹೇಳೋಣ ಅಂದ್ರೆ ಸಾಕ್ಷಿ ಕೇಳ್ತಾರೆ," ಎಂದಳು ಗೋಡೆಗೆ ಒರಗಿ ಕೂತಿದ್ದ ಲಾಯರಮ್ಮ. ಕೋರ್ಟಿನಿಂದ ನೇರವಾಗಿ ಬಂದಿದ್ದಳು. ಕರಿ ಕೋಟು ಮಡಿಲಲ್ಲಿತ್ತು. "ನಿಮ್ಮಪ್ಪ ಇವನ ಪೊಲೀಸ್ ಠಾಣೇಲಿ ಇದ್ರು ಅಂತ ಹೇಳೋ ಒಂದೇ ಒಂದು ಬಾಯಿ ಸಿಕ್ಕಿದ್ರೂ ಕೇಸು ಮತ್ತೆ ತೆಗೆಸ್ತಿದ್ದೆ."

"ಇಪ್ಪತ್ತಾರು ವರ್ಷದಿಂದ ಸಿಗದ ಬಾಯಿ," ಎಂದಳು ಮಗಳು.

*

ಸತ್ತವಳನ್ನು ಬಡಾವಣೆಯವರೆಲ್ಲ ಕರೆಯುತ್ತಿದ್ದದ್ದು ನಾನಮ್ಮ ಎಂದು.

ಮೊದಲು ಅವಳು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಗಂಡನದು ಗಡಿಯಾರ ರಿಪೇರಿ. ಪೊಲೀಸರು ಅವನನ್ನು ಅಂಗಡಿಯಿಂದ ಕರೆದೊಯ್ದರು, ಅವನು ಹಿಂತಿರುಗಲಿಲ್ಲ. ಅದೇ ವರ್ಷ ಹೊರದೇಶದ ವಕೀಲರ ಸಂಸ್ಥೆಯೊಂದು ಊರಿಗೆ ಬಂದು, ಅಲ್ಪಸಂಖ್ಯಾತರ ಪರ ವಾದಿಸುವ ವಕೀಲರಿಗೂ ಅವರ ಜೊತೆಗಿರುವ ದುಭಾಷಿಗಳಿಗೂ ಆರು ವಾರ ತರಬೇತಿ ಕೊಟ್ಟಿತು. ಮನೆಮಾತು, ಸರ್ಕಾರದ ಭಾಷೆ ಎರಡೂ ಬರುತ್ತಿದ್ದ ಅವಳು ಹೋಗಿ ಸೇರಿದಳು.

ಅಲ್ಲಿ ಕಲಿಸಿದ ಮೊದಲ ಪಾಠ ಇದು: ಅವನು 'ನಾನು ಕದ್ದೆ' ಎಂದರೆ 'ಇವನು ಕದ್ದನಂತೆ' ಎನ್ನಬಾರದು, 'ನಾನು ಕದ್ದೆ' ಎಂದೇ ಹೇಳಬೇಕು. ಕೂಡಿಸಬಾರದು, ಕಳೆಯಬಾರದು. ಅರ್ಥವಾಗದಿದ್ದರೆ ಮಾತ್ರ ತಿರುಗಿ ಕೇಳಬಹುದು.

"ನಾನಮ್ಮಾ, ಇವತ್ತು ಎಷ್ಟು ಕೊಲೆ ಮಾಡಿ ಬಂದೆ?" ಎಂದು ತರಕಾರಿಯವನು ಕೇಳುತ್ತಿದ್ದ.

"ಎರಡು. ಮಧ್ಯೆ ಬಿಡುವಾಯ್ತು, ಒಂದು ಸೈಕಲ್ಲೂ ಕದ್ದೆ."

ಗಂಡನ ಕೇಸು ಬಂದ ದಿನ ಕೋರ್ಟಿನಲ್ಲಿ ಬೇರೆ ದುಭಾಷಿ ಇರಲಿಲ್ಲ. ಇನ್‌ಸ್ಪೆಕ್ಟರ್ ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಅವಳು ಎದುರಿಗೆ ಕೂತಿದ್ದ ಅತ್ತೆಯತ್ತ ತಿರುಗಿ ಹೇಳಿದಳು: "ಅವನನ್ನು ನಾನು ನೋಡಿಯೇ ಇಲ್ಲ. ಅವನು ನನ್ನ ಠಾಣೆಗೆ ಕಾಲಿಟ್ಟಿಲ್ಲ."

ದನಿ ನಡುಗಲಿಲ್ಲ. ಅದನ್ನೇ ಅತ್ತೆ ಕ್ಷಮಿಸಲಿಲ್ಲ. ಸಾಯುವವರೆಗೂ ಸೊಸೆಯನ್ನು ಮಾತಾಡಿಸಲಿಲ್ಲ. ಆ ಸಂಜೆ ತಾಯಿ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದ ಸದ್ದು ಎಷ್ಟು ಹೊತ್ತಾದರೂ ನಿಲ್ಲದೆ ಇದ್ದದ್ದು ಮಗಳಿಗೆ ನೆನಪಿದೆ.

"ಬಿಟ್ಟುಬಿಡಮ್ಮ ಈ ಕೆಲಸ," ಎಂದಿದ್ದಳು.

"ನಾನು ಬಿಟ್ಟರೆ ಆ ಜಾಗಕ್ಕೆ ಅವರ ಕಡೆಯವನು ಬರ್ತಾನೆ. ನೀನೂ ಕಲಿ."

ಮಗಳು ಕಲಿತಳು.

*

ನಿವೃತ್ತ ಇನ್‌ಸ್ಪೆಕ್ಟರ್ ಹೂವಿನ ಚಕ್ರ ಹಿಡಿಸಿಕೊಂಡು ಬಂದ. ಕೂರಲು ಅತ್ತಿತ್ತ ನೋಡಿದ. ಬೆಂಚಿನ ಮೇಲಿದ್ದವರು ಯಾರೂ ಸರಿಯಲಿಲ್ಲ. ಕೋಲೂರಿ ನಿಂತೇ, ಸರ್ಕಾರದ ಭಾಷೆಯಲ್ಲಿ ನಾಲ್ಕು ಮಾತು ಶುರುಮಾಡಿದ. ಮಗಳು ಅವನ ಪಕ್ಕ, ಅರ್ಧ ಹೆಜ್ಜೆ ಹಿಂದೆ ನಿಂತಳು.

"ಆಕೆ ದೊಡ್ಡ ಮನಸ್ಸಿನವರು. ನನ್ನ ಮೇಲೆ ಯಾವ ಕೋಪವೂ ಇರಲಿಲ್ಲ."

"ಆಕೆ ದೊಡ್ಡ ಮನಸ್ಸಿನವರು. ನನ್ನ ಮೇಲೆ ಯಾವ ಕೋಪವೂ ಇರಲಿಲ್ಲ," ಎಂದಳು ಮಗಳು ಮನೆಮಾತಿನಲ್ಲಿ.

"ಥೂ," ಎಂದಳು ಚಿಕ್ಕಮ್ಮ. ಅವನು ಅದನ್ನು ಬಿಕ್ಕು ಎಂದುಕೊಂಡು ತಲೆದೂಗಿದ.

"ಗಂಡನೂ ಅಂಥವನೇ, ಪಾಪ. ಎಂಥ ಕೈ ಅಂತೀರಿ! ನಮ್ಮ ಠಾಣೆ ಗಡಿಯಾರ ವರ್ಷದಿಂದ ನಿಂತಿತ್ತು. ಬೆಂಚಿನ ಮೇಲೆ ಕೂತು, ಒಂದು ಗುಂಡುಪಿನ್ನಿನಲ್ಲಿ ಸರಿ ಮಾಡಿಬಿಟ್ಟ."

ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಬೇಕು; ಇವನಿಗೆ ವಯಸ್ಸಾಗಿತ್ತು.

"ಸರಿಯಾಗಿ ಅರ್ಥವಾಗಲಿಲ್ಲ ಸರ್. ಯಾವ ಠಾಣೆ?"

"ಸೇತುವೆ ಹತ್ತಿರದ್ದಮ್ಮ. ಆಗ ನಾನೇ ಇನ್‌ಸ್ಪೆಕ್ಟರ್."

"ಯಾವತ್ತು ಸರ್? ತಪ್ಪು ಹೇಳಬಾರದಲ್ಲ."

"ಅವನನ್ನ ಕರೆತಂದ ಮಾರನೇ ದಿನ. ನಾನೇ ಟೀ ತರಿಸಿಕೊಟ್ಟೆ. ಅದನ್ನೂ ಹೇಳು."

"ಹೇಳ್ತೀನಿ ಸರ್. ಬೇರೆ ಯಾರಿದ್ದರು ಆಗ?"

"ನಮ್ಮ ರೈಟರ್ ಇದ್ದ. ಗಡಿಯಾರ ಟಿಕ್ ಅಂದಾಗ ಚಪ್ಪಾಳೆ ಹೊಡೆದ. ಈಗಲೂ ಗಟ್ಟಿಯಾಗಿದ್ದಾನೆ, ಮಗಳ ಮನೇಲಿ."

ಎರಡೂ ಭಾಷೆ ಬಲ್ಲ ಲಾಯರಮ್ಮ 'ಠಾಣೆ' ಎಂಬ ಮಾತಿಗೇ ಪೆನ್ನು ತೆಗೆದಿದ್ದಳು.

ಮಗಳು ಜನರತ್ತ ತಿರುಗಿದಳು. "ಗಂಡನೂ ಅಂಥವನೇ, ಪಾಪ. ಎಂಥ ಕೈ ಅಂತೀರಿ! ನಮ್ಮ ಠಾಣೆ ಗಡಿಯಾರ ವರ್ಷದಿಂದ ನಿಂತಿತ್ತು," ಎಂದಳು. "ಬೆಂಚಿನ ಮೇಲೆ ಕೂತು, ಒಂದು ಗುಂಡುಪಿನ್ನಿನಲ್ಲಿ ಸರಿ ಮಾಡಿಬಿಟ್ಟ. ಸೇತುವೆ ಹತ್ತಿರದ ಠಾಣೆ. ಆಗ ನಾನೇ ಇನ್‌ಸ್ಪೆಕ್ಟರ್. ಅವನನ್ನು ಕರೆತಂದ ಮಾರನೇ ದಿನ. ನಾನೇ ಟೀ ತರಿಸಿಕೊಟ್ಟೆ. ನಮ್ಮ ರೈಟರ್ ಇದ್ದ. ಗಡಿಯಾರ ಟಿಕ್ ಅಂದಾಗ ಚಪ್ಪಾಳೆ ಹೊಡೆದ. ಈಗಲೂ ಗಟ್ಟಿಯಾಗಿದ್ದಾನೆ, ಮಗಳ ಮನೇಲಿ."

ದನಿ ನಡುಗಲಿಲ್ಲ.

ಮೊದಲು ಚಿಕ್ಕಮ್ಮ ಎದ್ದು ನಿಂತಳು. ಆಮೇಲೆ ತರಕಾರಿಯವನು. ಆಮೇಲೆ ಒಂದೊಂದೇ ಬೆಂಚು ಖಾಲಿಯಾಗಿ ಇಡೀ ಕೋಣೆ ಎದ್ದು ನಿಂತಿತು.

ಅವನ ಕಣ್ಣು ಒದ್ದೆಯಾಯಿತು. ಇಷ್ಟು ಮರ್ಯಾದೆ ಅವನು ನಿರೀಕ್ಷಿಸಿರಲಿಲ್ಲ.

"ಅಯ್ಯೋ, ಇರಲಿ ಇರಲಿ. ಕೂತ್ಕೊಳ್ಳಿ."

"ಅಯ್ಯೋ, ಇರಲಿ ಇರಲಿ. ಕೂತ್ಕೊಳ್ಳಿ," ಎಂದಳು ಮಗಳು.

ಯಾರೂ ಕೂರಲಿಲ್ಲ. ಅವನು ನಗುತ್ತ, ಅಂಗೈಯಿಂದ ಗಾಳಿಯನ್ನು ಕೆಳಕ್ಕೆ ಒತ್ತುತ್ತಲೇ ಇದ್ದ.