ಎರ್ರೆಮ್ಮ ತೋರಿಸಿದ ಗೋಡೆ

ಮೊರದ ಆ ಕಡೆ ಯಲ್ಲಕ್ಕ, ಈ ಕಡೆ ಎರ್ರೆಮ್ಮ ಕೂತು ತೊಗರಿಬೇಳೆಯಲ್ಲಿನ ಕಲ್ಲು ಆರಿಸುತ್ತಿದ್ದರು. ಇಬ್ಬರೂ ಹೆಚ್ಚು ಮಾತಿನವರಲ್ಲ. ಯಲ್ಲಕ್ಕ ಎರ್ರೆಮ್ಮನ ಮಾವನ ಅತ್ತಿಗೆ, ಗಂಡ ಸತ್ತವಳು. ಮಲಪನಗುಡಿಯ ಆ ಮಾಳಿಗೆ ಮನೆಗೆ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಪಾಲು ಮಾಡಿದಾಗ ಹಿಂದಿನ ಚಿಕ್ಕ ಪಾಲು ಅವಳಿಗೆ ಬಂದಿತ್ತು. ಚೋರನೂರಿನಿಂದ ಸೊಸೆಯಾಗಿ ಬಂದ ಎರ್ರೆಮ್ಮ ಕೈ ಬಿಡುವಾದಾಗ ಬಂದು ಕೂಡುತ್ತಿದ್ದುದು ಅಲ್ಲೇ.

ಅಲ್ಲಿ ಕೂತರೆ ಎರ್ರೆಮ್ಮನಿಗೆ ಒಂದು ಸದ್ದು ಚೆನ್ನಾಗಿ ಕೇಳುತ್ತಿತ್ತು. ದೂರದಲ್ಲಿ ಯಾರೋ ಬೀಸುಕಲ್ಲು ಬೀಸುತ್ತ ಬೀಸುತ್ತ ನಿಲ್ಲಿಸುವುದನ್ನೇ ಮರೆತ ಹಾಗೆ, ತಗ್ಗು ದನಿಯ ಗುಂಯ್. ಮೊದಲು ಹೊಸಪೇಟೆಯ ರೈಲೆಂದುಕೊಂಡಿದ್ದಳು. ರೈಲು ಹೋಗಿಬಿಡುತ್ತದೆ, ಇದು ಹೋಗಲಿಲ್ಲ. ಹೊಲದಲ್ಲಿತ್ತು, ಹಬ್ಬಕ್ಕೆ ಹೋದಾಗ ತವರಿನಲ್ಲೂ ಇತ್ತು. ಸೊಸೆಯ ಕಿವಿ ಕೆಟ್ಟಿದೆ ಅಂದಾರೆಂದು ಯಾರಿಗೂ ಹೇಳಿರಲಿಲ್ಲ.

ಅವತ್ತು ಅತ್ತೆ ಜಂಬವ್ವ ಗೋಡೆಯಾಚೆಯಿಂದ ಕೂಗಿ ಕೂಗಿ ಸಾಕಾದಳು. ಎರ್ರೆಮ್ಮ ಮನೆಗೆ ಬಂದದ್ದೇ ತಡ, "ಕಿವ್ಯಾಗ ಏನು ತುರಕ್ಕೊಂಡಿದ್ದಿಯೇ?" ಎಂದು ಹರಿಹಾಯ್ದಳು.

"ನೆಲ ಗುಂಯ್ ಅಂತೈತ್ರಿ ಅತ್ತಿ. ಅದರಾಗ ಕೇಳಲಿಲ್ಲ."

ಉಣ್ಣುತ್ತಿದ್ದ ಮಾವ ಉಚ್ಚೆಂಗಪ್ಪನ ಕೈ ತುತ್ತಿನಲ್ಲೇ ನಿಂತಿತು. ಹಂಪಿಯ ಪಕ್ಕದ ಊರು. ನೇಗಿಲ ಕುಳಕ್ಕೆ ಹೊನ್ನಿನ ಕೊಡ ತಾಕಿದ ಕಥೆ ಇಲ್ಲದ ಮನೆಯಿಲ್ಲ. ಹೂತಿಟ್ಟ ಹೊನ್ನು ಗುಂಯ್‌ಗುಡುತ್ತದೆ, ಪುಣ್ಯವಂತರಿಗಷ್ಟೇ ಕೇಳುತ್ತದೆ ಎಂದು ಅವನ ಅಪ್ಪ ಹೇಳಿದ್ದ.

"ಏಯ್, ಬೈಬ್ಯಾಡ ಸುಮ್ನಿರು. ಸೊಸಿಗೆ ಮೊಸರು ಹಾಕು," ಎಂದ ಹೆಂಡತಿಗೆ. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಮತ್ತ. ಗೊತ್ತಾದ್ರ ಬಿಳಿ ದೊರಿಗೋಳು ಹೊನ್ನೆಲ್ಲ ಮದ್ರಾಸಿಗೆ ಹೊತ್ಕೊಂಡು ಹೊಕ್ಕಾರ."

ಮರುದಿನದಿಂದ ಎರ್ರೆಮ್ಮನಿಗೆ ಬೀಸುವ ಕೆಲಸ ತಪ್ಪಿತು. ಗಂಡ ಹಂಪಯ್ಯ "ಏನಂತೈತಿ ನಿನ್ನ ಹೊನ್ನು, ಸಾವುಕಾರ್ತಿ?" ಎಂದು ನಗುತ್ತಿದ್ದ. ನಕ್ಕರೂ ಅವನೂ ನೆಲಕ್ಕೆ ಕಿವಿ ಹಚ್ಚಿ ನೋಡಿದ್ದ. ಉಚ್ಚೆಂಗಪ್ಪನಂತೂ ರುಮಾಲು ತೆಗೆದಿಟ್ಟು ಮನೆ ತುಂಬ ಬೋರಲು ಬಿದ್ದು ಬಿದ್ದು ಎದ್ದ.

"ನನಗೇನೂ ಕೇಳವಲ್ದು. ಎಲ್ಲೈತಿ ತೋರಿಸವ್ವಾ, ನನ್ನ ತಾಯಿ."

ಎಲ್ಲ ಕಡೆಯೂ ಇದೆ ಎನ್ನಬೇಕಿತ್ತು. ಆದರೆ ಆ ಮನೆಯಲ್ಲಿ ಅದುವರೆಗೆ ಅವಳನ್ನು ಯಾರೂ ತಾಯಿ ಎಂದಿರಲಿಲ್ಲ.

"ದೊಡ್ಡತ್ತಿ ಅಡಿಗಿಮನ್ಯಾಗ ಭಾಳ ಕೇಳತೈತ್ರಿ," ಎಂದು ಯಲ್ಲಕ್ಕನ ಪಾಲಿನ ನಡುಗೋಡೆಯ ಕಡೆ ಬೆರಳು ಮಾಡಿದಳು. ಸುಳ್ಳಲ್ಲ. ಅಲ್ಲಿ ಮಾತ್ರ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಅದಕ್ಕೇ ಕೇಳುತ್ತಿತ್ತು. ಅಷ್ಟನ್ನು ಅವಳು ಹೇಳಲಿಲ್ಲ.

ಯಲ್ಲಕ್ಕ ಮಗಳ ಬಾಣಂತನಕ್ಕೆ ಕಂಪ್ಲಿಗೆ ಹೊರಟಾಗ ಬೀಗದ ಕೈಯನ್ನು ಎರ್ರೆಮ್ಮನ ಕೈಯಲ್ಲೇ ಇಟ್ಟಳು. "ಬೆಕ್ಕಿಗೆ ಒಂದೀಟು ಹಾಲು ಹಾಕವ್ವಾ." ಬಂಡಿ ಊರು ದಾಟುವ ಮೊದಲೇ ಮಾವ ಕೈ ಚಾಚಿದ. ಎರ್ರೆಮ್ಮ ತಲೆ ತಗ್ಗಿಸಿ ಕೊಟ್ಟಳು.

ಯಲ್ಲಕ್ಕನ ಅಡುಗೆಮನೆ ಹೊಕ್ಕು, ಬಾಗಿಲು ಹಾಕಿಕೊಂಡು ಅಪ್ಪ ಮಗ ಅಗೆಯತೊಡಗಿದರು. ಅಗೆಯುವಾಗ ಯಾರೂ ತುಟಿ ಬಿಚ್ಚಬಾರದು, ಬಿಚ್ಚಿದರೆ ಹೊನ್ನೆಲ್ಲ ಇದ್ದಿಲಾಗುತ್ತದೆ ಎಂದು ಉಚ್ಚೆಂಗಪ್ಪ ಮೊದಲೇ ಹೇಳಿದ್ದ. ಯಲ್ಲಕ್ಕನ ಒಲೆ ಒಡೆದು ಮೂಲೆಗೆ ಬಿದ್ದಿತ್ತು. ಹಂಪಯ್ಯ ಗೋಡೆಯ ಬುಡದಲ್ಲಿ ಸೊಂಟದ ತನಕ ಇಳಿದಿದ್ದ. ಬರೀ ಮಣ್ಣು. ಗೋಡೆ ತೊಲೆಯವರೆಗೆ ಬಿರುಕು ಬಿಟ್ಟಿತ್ತು. ಎರ್ರೆಮ್ಮನ ಕಿವಿಯಲ್ಲಿ ಸದ್ದು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಬಾಗಿಲಿಗೆ ಒರಗಿದಳು.

"ಮಾವಾ..."

ಜಂಬವ್ವ ಓಡಿಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಎರ್ರೆಮ್ಮ ಆ ಕೈ ಸರಿಸಿದಳು.

"ಅದು ನೆಲದಾಗಿಲ್ರಿ. ನನ್ನ ಕಿವ್ಯಾಗ ಐತಿ. ಚೋರನೂರಾಗೂ ಕೇಳಿತ್ತು. ಗೊತ್ತಿದ್ದೂ ನಾ ಹೇಳಲಿಲ್ಲ."

ಗುದ್ದಲಿ ನಿಂತಿತು. ಹಂಪಯ್ಯ ಅಪ್ಪನ ಮುಖ ನೋಡಿದ. ಉಚ್ಚೆಂಗಪ್ಪ ತುಟಿ ಬಿಗಿ ಹಿಡಿದು, ಸೊಸೆಯ ಮಾತಿಗೆ ಹೊನ್ನು ಪಕ್ಕಕ್ಕೆ ಸರಿದಿದೆ ಎಂಬಂತೆ, ತೊಲೆ ಹೊತ್ತ ಕಂಬದ ಬುಡಕ್ಕೆ ಬೆರಳು ತೋರಿಸಿದ. ಹಂಪಯ್ಯ ಅಂಗೈಗೆ ಉಗುಳಿಕೊಂಡು ಆ ಕಡೆ ತಿರುಗಿದ. ಗುದ್ದಲಿ ಬಿದ್ದಂತೆಲ್ಲ ಮೇಲಿಂದ ಮಣ್ಣು ಉದುರಿತು.

"ದೊಡ್ಡತ್ತಿ ಮನಿ ಬೀಳತೈತ್ರಿ. ಸಾಕು ಮಾಡ್ರಿ, ಮಾವಾ."