ಇಬ್ಬರಿಗೊಂದೇ ಕನ್ನಡಕ

ಹೊಳೆ ಊರೊಳಗೆ ನುಗ್ಗಿದ ದಿನ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದರು. ಒಬ್ಬರು ಹಾಸಿಗೆ ಹೊತ್ತರು, ಇನ್ನೊಬ್ಬರು ನಿಂತುಹೋಗಿದ್ದ ಗೋಡೆ ಗಡಿಯಾರ ಹೊತ್ತರು. ಬೇಕರಿಯವನು ಅದೇಕೋ ಖಾಲಿ ತಟ್ಟೆಗಳ ರಾಶಿಯನ್ನೇ ತಲೆಯ ಮೇಲಿಟ್ಟುಕೊಂಡು ಬಂದ. ಮೂಲೆಯ ಕನ್ನಡಕದ ಅಂಗಡಿಯ ಅಕ್ಕ ಒಂದು ಕೈಯಲ್ಲಿ ಅತ್ತೆಯನ್ನು, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಡಬ್ಬಿಯನ್ನು ಹಿಡಿದು ಚರ್ಚಿನ ಹಾಲ್ ಸೇರಿದಳು. ಡಬ್ಬಿಯಲ್ಲಿ ಬಿಸ್ಕತ್ತಿದೆ ಎಂದು ಅತ್ತೆ ದಾರಿಯುದ್ದಕ್ಕೂ ನಂಬಿದ್ದರು. ಮುಚ್ಚಳ ತೆಗೆದಾಗ ಕಂಡದ್ದು ಹಳೆಯ ಕನ್ನಡಕಗಳು.

"ಇದನ್ನೇನು ಟೀಯಲ್ಲಿ ಅದ್ದಿ ತಿನ್ಲಾ?" ಎಂದು ಅತ್ತೆ ಕೇಳಿದರು.

ಹಾಲ್‌ನಲ್ಲಿ ನಲವತ್ತು ಮನೆಯವರಿದ್ದರು. ಪಾಸ್ಟರು ಅಂದೇ ಕೆಲಸ ಹಂಚಿದರು. ಕೆಲವರು ಅಡುಗೆಗೆ, ಕೆಲವರು ನೀರಿಗೆ, ಕೆಲವರು ಕೆಸರು ಬಳಿಯಲು. ಅಕ್ಕನಿಗೆ ಮೊಣಕಾಲು ನೋವು. ಯಾವ ಗುಂಪಿಗೆ ಹೋದರೂ "ನೀವು ಕೂತ್ಕೊಳ್ಳಿ ಅಕ್ಕಾ" ಎನ್ನುವವರೇ. ಮೂರು ದಿನ ಕೂತಲ್ಲೇ ಕೂತು ಉಂಡಳು. ಅಂಗಡಿ ಹೋದ ಸಂಕಟ ಒಂದು ಕಡೆಯಾದರೆ, ಪರರು ಬೇಯಿಸಿದ ಅನ್ನವನ್ನು ಕೈಕಟ್ಟಿ ಕೂತು ತಿನ್ನುವ ಸಂಕಟ ಇನ್ನೊಂದು ಕಡೆ. "ಸ್ವಾಮೀ, ನನ್ನನ್ನೂ ಯಾವುದಾದರೂ ಕೆಲಸಕ್ಕೆ ಹಚ್ಚು. ಮೊಣಕಾಲು ನಿನಗೆ ಗೊತ್ತೇ ಇದೆ" ಎಂದು ಪ್ರಾರ್ಥಿಸಿದಳು.

ಉತ್ತರ ಬಂದದ್ದು ದರ್ಜಿಯ ಬೈಗುಳದ ರೂಪದಲ್ಲಿ. ಆತ ಸೂಜಿಯನ್ನು ಮೊಳ ದೂರ ಹಿಡಿದು, ದಾರ ಪೋಣಿಸಲಾಗದೆ, ಸೂಜಿಯ ಏಳು ತಲೆಮಾರನ್ನೂ ಜಾಲಾಡುತ್ತಿದ್ದ. ಅವನ ಕನ್ನಡಕ ಹೊಳೆಯ ಪಾಲಾಗಿತ್ತು. ಅಕ್ಕ ಹಾಲ್ ತುಂಬ ಕಣ್ಣು ಹಾಯಿಸಿದಳು. ಅರ್ಧಕ್ಕರ್ಧ ಮುದುಕರು ಕಣ್ಣು ಕಿರಿದು ಮಾಡಿಕೊಂಡೇ ಇದ್ದರು. ಅವಳಿಗೆ ಡಬ್ಬಿ ನೆನಪಾಯಿತು.

ಹೊಸ ಕನ್ನಡಕ ಕೊಂಡವರು ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಎಸೆಯಲು ಮನಸ್ಸು ಬಾರದೆ ಹದಿನೈದು ವರ್ಷ ಅವನ್ನು ಡಬ್ಬಿಗೆ ಹಾಕುತ್ತಾ ಬಂದಿದ್ದಳು. ಈಗ ಒಬ್ಬೊಬ್ಬರನ್ನೇ ಕಿಟಕಿಯ ಬೆಳಕಿಗೆ ಕೂರಿಸಿ, ಒಂದೊಂದನ್ನೇ ಮೂಗಿಗೆ ಏರಿಸಿ ನೋಡತೊಡಗಿದಳು. ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ನೀರಿನಲ್ಲಿ ಹೋಗಿತ್ತು. ಅದರ ಬದಲು ವೇದಪುಸ್ತಕ ತೆರೆದು, ದೇವರೇ ನನ್ನ ಕುರುಬ ಎನ್ನುವ ಕೀರ್ತನೆಯ ಪುಟವನ್ನು ಮುಂದೆ ಹಿಡಿದಳು. ನಾಲ್ಕನೆಯ ಕನ್ನಡಕಕ್ಕೆ ದರ್ಜಿಗೆ ಅಕ್ಷರ ಕಂಡಿತು, ಸೂಜಿಯ ಕಣ್ಣೂ ಕಂಡಿತು. ಅವನು ಸೂಜಿಯ ಕ್ಷಮೆ ಕೇಳಲಿಲ್ಲ, ಅಕ್ಕನಿಗೆ ಮಾತ್ರ ಕೈಮುಗಿದ.

ಮರುದಿನ ಹೆಡ್‌ಮಾಸ್ಟರು ಬಂದು ಕೂತರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಭಾನುವಾರದ ಮಕ್ಕಳ ಪಾಠ ಮಾತ್ರ ನಲವತ್ತು ವರ್ಷದಿಂದ ಅವರದೇ. ಅಕ್ಕ ಪುಟ ಹಿಡಿದಳು. ಅವರು ಕನ್ನಡಕವೇ ಇಲ್ಲದೆ, ಎಲ್ಲೂ ತಡವರಿಸದೆ, ಕೀರ್ತನೆಯನ್ನು ಮೊದಲಿಂದ ಕೊನೆಯವರೆಗೆ ಓದಿಬಿಟ್ಟರು.

"ಮಾಸ್ಟ್ರೇ, ನಿಮ್ಮದು ಇನ್ನೂ ಹರೆಯದ ಕಣ್ಣು" ಎಂದಳು ಅಕ್ಕ.

ಪಾಸ್ಟರು ಅಲ್ಲೇ ನಿಂತಿದ್ದರು. ಆರೋಗ್ಯ ಕೇಂದ್ರದಿಂದ ಮುದುಕರ ಮಾತ್ರೆಗಳು ಒಂದು ಬುಟ್ಟಿಯಲ್ಲಿ ಬಂದಿದ್ದವು. ಯಾರಿಗೆ ಯಾವುದು ಎಂದು ಓದಿ ಹಂಚುವ ಕೆಲಸವನ್ನು ಅವರು ಮಾಸ್ಟರಿಗೆ ವಹಿಸಿದರು. ಮಾಸ್ಟರ ಮುಖ ಅರಳಿತು. ಅಕ್ಕ ಉಳಿದ ಕನ್ನಡಕಗಳನ್ನು ಬೇರೆಯವರಿಗೆ ಕೊಟ್ಟು, ಸಂಜೆ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದೇವರಿಗೆ ವಂದನೆ ಹೇಳಿದಳು.

ಬೆಳಿಗ್ಗೆ ಮಾತ್ರೆಯ ಸಾಲಿನಲ್ಲಿ ಮೊದಲು ನಿಂತವರು ಅತ್ತೆ. ಬಾಯಿಗೆ ಹಾಕಿಕೊಂಡದ್ದನ್ನು ತಟ್ಟನೆ ಅಂಗೈಗೆ ಉಗುಳಿದರು.

"ಏನೇ ಇದು? ನನ್ನ ಎದೆ ಮಾತ್ರೆ ಹಾಗಲಕಾಯಿ ಥರ ಕಹಿ ಇರುತ್ತೆ. ಇದು ಚಪ್ಪೆ."

ಅಕ್ಕ ಅತ್ತೆಯ ಕೈಯಲ್ಲಿದ್ದ ಮಾತ್ರೆಯ ಬೆಳ್ಳಿಬಣ್ಣದ ಹಾಳೆಯನ್ನು ಓದಿದಳು. ಅದು ಸಕ್ಕರೆ ಕಾಯಿಲೆಯದು. ಅತ್ತೆಗೆ ಆ ಕಾಯಿಲೆಯೇ ಇಲ್ಲ. ಅಕ್ಕ ತಿರುಗಿ ನೋಡಿದಳು. ಬುಟ್ಟಿಯ ಹತ್ತಿರ ಮಾಸ್ಟರು ಇನ್ನೊಂದು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಎದುರಿಗೆ ಹನ್ನೆರಡು ಮಂದಿ ಕಾಯುತ್ತಿದ್ದರು. ನಲವತ್ತು ವರ್ಷ ಮಕ್ಕಳ ಬಾಯಲ್ಲಿ ಹೇಳಿಸಿದ ಕೀರ್ತನೆಯನ್ನು ಆ ಮನುಷ್ಯ ನಿದ್ದೆಯಲ್ಲೂ ಹೇಳಬಲ್ಲರು. ಅದನ್ನೇ ಮುಂದೆ ಹಿಡಿದು ಕಣ್ಣು ಪರೀಕ್ಷೆ ಮಾಡಿದ ಮಹಾ ಜಾಣೆ ತಾನು.

ಅವಳು ಸಾಲನ್ನು ನಿಲ್ಲಿಸಿ, ಮಾಸ್ಟರನ್ನು ಕಿಟಕಿಯ ಬಳಿ ಕರೆದಳು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ಇದೇನಂತ ಓದಿ ಮಾಸ್ಟ್ರೇ."

ಮಾಸ್ಟರು ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು. ಕೊನೆಗೆ ಕೈ ಇಳಿಸಿದರು.

"ಈ ಪಾಠ ನನಗೆ ಬರಲ್ಲಮ್ಮ" ಎಂದರು. "ಗುಳಿಗೆಯ ಬಣ್ಣ, ಆಕಾರ ನೋಡಿ ಕೊಡಬಹುದು ಅಂದ್ಕೊಂಡಿದ್ದೆ. ಎಲ್ಲರೂ ದುಡೀತಿದ್ರು, ನಾನೊಬ್ಬ ಕೂತು ಉಣ್ತಿದ್ದೆ. ಬುಟ್ಟಿ ಕೊಟ್ಟಾಗ ಆಗಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ನಿಮ್ಮತ್ತೆಗೆ ಏನಾದ್ರೂ..."

"ಉಗುಳಿದ್ರು. ಅವರ ನಾಲಿಗೆ ನಮ್ಮಿಬ್ಬರ ಕಣ್ಣಿಗಿಂತ ಚುರುಕು."

ಮಾಸ್ಟರು ಬುಟ್ಟಿಯನ್ನು ಅವಳ ಕಡೆಗೆ ತಳ್ಳಿದರು. "ನೀನೇ ಹಂಚಮ್ಮ. ನಾನು ಪಾಸ್ಟರಿಗೆ ಹೇಳ್ತೀನಿ."

ಅದೇ ಸರಿಯಾದ ದಾರಿಯಾಗಿತ್ತು. ಆದರೆ ಬುಟ್ಟಿ ಬಿಟ್ಟ ಆ ಖಾಲಿ ಕೈಗಳನ್ನು ಅಕ್ಕ ಬಲ್ಲಳು. ಮೂರು ದಿನ ಅವಳ ಮಡಿಲಲ್ಲೂ ಅಂಥವೇ ಎರಡು ಬಿದ್ದಿದ್ದವು. ಸಿಟ್ಟು ಇಳಿದುಹೋಯಿತು. ತನ್ನ ಮೂಗಿನ ಮೇಲಿದ್ದ ನೇರಳೆ ಬಣ್ಣದ, ಅಂಚಿನಲ್ಲಿ ಹೂವಿದ್ದ ಕನ್ನಡಕವನ್ನು ತೆಗೆದು ಅವರ ಮೂಗಿಗೆ ಏರಿಸಿದಳು. ಮಾಸ್ಟರು ಹಾಳೆಯನ್ನು ಓದಿದರು, ತಯಾರಾದ ತಾರೀಖಿನ ಸಮೇತ.

"ಇದು ನಿನ್ನದಲ್ವಾ?"

"ಮಾತ್ರೆ ಹೊತ್ತಿಗೆ ನಿಮ್ಮದು, ಉಳಿದ ಹೊತ್ತು ನನ್ನದು."

ಇಬ್ಬರೂ ಹೋಗಿ ಪಾಸ್ಟರಿಗೆ ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡರು. ಒಬ್ಬರು ಓದಿ ಕೊಡುವುದು, ಇನ್ನೊಬ್ಬರು ಕನ್ನಡಕ ಬದಲಿಸಿಕೊಂಡು ಮತ್ತೊಮ್ಮೆ ಓದುವುದು ಎಂದಾಯಿತು. ಸಾಲು ಆಮೆಯಂತೆ ಸಾಗಿತು, ಮಾತ್ರೆ ಮಾತ್ರ ತಪ್ಪಲಿಲ್ಲ. ಹೂವಿನ ಕನ್ನಡಕದ ಮಾಸ್ಟರನ್ನು ಕಂಡು ಅತ್ತೆ, "ನಿಮಗೇ ಚೆನ್ನಾಗಿ ಒಪ್ಪುತ್ತೆ" ಎಂದು ದಿನಾ ಒಂದು ಸಲ ಹೇಳುತ್ತಿದ್ದರು. ಸಡಿಲವಾದ ಕಡ್ಡಿ, ಬಿದ್ದ ತಿರುಪು ಎಂದು ಅಕ್ಕನ ಬಳಿ ಬರುವವರು ಹೆಚ್ಚಿದರು. ಕನ್ನಡಕ ಕೈಗೆ ಬಂದ ಹೊತ್ತೆಲ್ಲ ಆ ಕೆಲಸಕ್ಕೇ ಸರಿಹೋಗುತ್ತಿತ್ತು. ದಿನಾ ಓದುತ್ತಿದ್ದ ಕೀರ್ತನೆ ನಿಂತುಹೋಯಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಭಾನುವಾರ ಹಾಲ್‌ನಲ್ಲೇ ಆರಾಧನೆ ನಡೆಯಿತು. ವಾಚನಕ್ಕೆ ಪಾಸ್ಟರು ಮಾಸ್ಟರನ್ನು ಕರೆದರು. ಓದಬೇಕಾದದ್ದು ಅದೇ ಕುರುಬನ ಕೀರ್ತನೆ. ಅಕ್ಕ ಕನ್ನಡಕ ತೆಗೆದು ಚಾಚಿದಳು. ಮಾಸ್ಟರು ಬಗ್ಗಿ, ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ನೀನು ಹಾಕ್ಕೋ ಮಗಳೇ. ಈ ವಾರ ನೀನು ಒಂದು ಪುಟಾನೂ ಓದಿಲ್ಲ, ನೋಡಿದೀನಿ. ನನಗೆ ಇದೊಂದಕ್ಕೆ ಕಣ್ಣು ಬೇಕಿಲ್ಲ."

ಅವರು ಮುಂದೆ ನಿಂತು ಪುಸ್ತಕ ತೆರೆದರು. ಅಕ್ಕ ತನ್ನ ಪುಸ್ತಕದಲ್ಲಿ ಸಾಲಿನ ಮೇಲೆ ಬೆರಳಿಟ್ಟು ಅವರ ದನಿಯ ಜೊತೆಗೇ ಓದಿದಳು. ಅವಳ ಬೆರಳು ಮುಂದೆ ಹೋದಂತೆ ಅವರ ಮಾತೂ ಹೋಯಿತು, ಒಂದು ಪದವೂ ಆಚೀಚೆಯಾಗಲಿಲ್ಲ. ಕೊನೆಯ ಸಾಲಿಗೆ ಬಂದಾಗ ಕನ್ನಡಕದ ಮೇಲಿಂದ ಇಣುಕಿ ನೋಡಿದಳು. ಮಾಸ್ಟರ ಕೈಯಲ್ಲಿದ್ದ ಪುಸ್ತಕದ ರಟ್ಟಿನ ಮೇಲೆ ಚಿನ್ನದ ಬಣ್ಣದ ಶಿಲುಬೆ ತಲೆಕೆಳಗಾಗಿತ್ತು.

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಅಂಗಡಿ ಹೋದ ದಿನವೂ ಅತ್ತಿರಲಿಲ್ಲ. ಕಳೆದುಕೊಂಡದ್ದು ಎಷ್ಟು, ಅದರ ನಡುವೆ ಸಿಕ್ಕಿದ್ದು ಎಷ್ಟು ಎಂದು ಆ ಹೊತ್ತಿಗೆ ಅವಳಿಗೆ ತಿಳಿದುಬಿಟ್ಟಿತು.

"ಯಾಕೇ ಅಳ್ತಿದೀಯಾ? ಓದೋಕೆ ಕಾಣ್ತಿಲ್ವಾ?" ಎಂದು ಅತ್ತೆ ಪಿಸುಗುಟ್ಟಿದರು.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಕಾಣ್ತಿದೆ ಅತ್ತೆ" ಎಂದಳು. "ಚೆನ್ನಾಗೇ ಕಾಣ್ತಿದೆ."