ಕೀಲಿ ಹಾಕಿದ ಮನೆಯಲ್ಲಿ ಯಾರಿದ್ದಾರೆ?

ನಲವತ್ತು ವರ್ಷಗಳ ಹಿಂದೆ, ಜೇವರ್ಗಿ ತಾಲ್ಲೂಕಿನ ಅಂದೋಲಾದಲ್ಲಿ, ಖುರ್ಷಿದಬೇಗಂ ಎಂಬ ಹೆಣ್ಣುಮಗಳು ತನ್ನ ಕೈಯಾರೆ ಒಂದು ಮನೆ ಕಟ್ಟಿದಳು. ಗಂಡ ತೀರಿಕೊಂಡ ವರ್ಷವೇ ಆಕೆ ಭೀಮಾ ನದಿಯ ಆಚೆಯ ಫರಸಿ, ಅಂದರೆ ಹಾಸುಗಲ್ಲಿನ, ಗಣಿಗೆ ಕೂಲಿಗೆ ಹೋದಳು. ಮೂಲೆ ಮುರಿದ ಫರಸಿಯನ್ನು ಯಾರೂ ಕೊಳ್ಳುವುದಿಲ್ಲ. ಗಣಿಯವರು ಅದನ್ನು ಬದಿಗೆ ಎಸೆದುಬಿಡುತ್ತಿದ್ದರು. ಎಸೆದ ಆ ಕಲ್ಲುಗಳನ್ನು ಆಕೆ ಕೇಳಿ ಪಡೆದಳು. ಅಂದೋಲಾದ ಕಡೆಗೆ ಮರಳುವ ಬಂಡಿಯವರನ್ನು ಕಾಡಿ ಬೇಡಿ ಎರಡೋ ಮೂರೋ ಕಲ್ಲು ಹೇರಿಸುತ್ತಿದ್ದಳು. ಮಗ ಮುಜೀಬ ಚಿಕ್ಕವನಿದ್ದಷ್ಟು ದಿನ ಅವನನ್ನು ಬೆನ್ನಿಗೆ ಕಟ್ಟಿಕೊಂಡು, ಕಲ್ಲು ಜಾರದಂತೆ ಒಂದು ಕೈ ಅದರ ಮೇಲಿಟ್ಟು, ಬಂಡಿಯ ಹಿಂದೆ ನಡೆದು ಬರುತ್ತಿದ್ದಳು. ಹೀಗೆ ಏಳು ಬೇಸಿಗೆಗಳು ಕಳೆದ ಮೇಲೆ ನಾಲ್ಕು ಅಂಕಣದ ಮನೆ ಎದ್ದು ನಿಂತಿತು. ನೆಲಕ್ಕೂ ಛತ್ತಿಗೂ ಮೂಲೆ ಮುರಿದ ಕಲ್ಲುಗಳೇ. ಆದರೂ ಆ ಓಣಿಯಲ್ಲಿ ಮಳೆಗೆ ಸೋರದ ಮೊದಲ ಮನೆ ಅದು.

ಎರಡು ವರ್ಷಗಳ ಹಿಂದೆ ಆ ಮನೆಗೆ ಕೀಲಿ ಬಿತ್ತು. ಲೈನ್‌ಮನ್ ಕೆಲಸದಲ್ಲಿದ್ದ ಮುಜೀಬನಿಗೆ ಆಳಂದಕ್ಕೆ ವರ್ಗವಾಯಿತು. ಅವನ ಹೆಂಡತಿ ಮಸರತ, ಮಗಳು ನೂರೀನ, ತಾಯಿ ಖುರ್ಷಿದಬೇಗಂ, ಎಲ್ಲರೂ ಆಳಂದದ ಬಾಡಿಗೆ ಮನೆಗೆ ಬಂದರು.

ಹೊರಡುವ ದಿನ ಖುರ್ಷಿದಬೇಗಂ ಅಡುಗೆಮನೆಯ ಮೂಲೆಯಲ್ಲಿ ಒಂದು ಕೊಡ ನೀರನ್ನೂ ಒಂದು ಬೊಗಸೆ ಜೋಳವನ್ನೂ ಇಟ್ಟರು. ಅವರ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ನೀರೂ ಕಾಳೂ ಇರುವ ಮನೆ ತುಂಬಿದ ಮನೆ. ಅದನ್ನು ಖಾಲಿ ಎಂದು ಬಾಯಿಬಿಟ್ಟು ಹೇಳಿದರೆ ಬರಕತ್ತು, ಮನೆಯ ಸಮೃದ್ಧಿ, ಹೋಗುತ್ತದೆ ಎಂಬುದು ಅವರ ನಂಬಿಕೆ. ಕೀಲಿಕೈಯನ್ನು ಪಕ್ಕದ ಮನೆಯ ಸಾಬವ್ವನಿಗೆ ಕೊಟ್ಟರು. ಗುರುವಾರಕ್ಕೊಮ್ಮೆ ಕೊಡದ ನೀರು ಬದಲಿಸುವ ಕೆಲಸ ಅವಳದಾಯಿತು.

“ಬೇಗಮ್ಮಾ, ನಿಮ್ಮ ಹಿಂದಿನ ಗೋಡಿಗೆ ತೊಗರಿ ಕಟಗಿ ಒಟ್ಟಲೇನ್ರಿ? ನಮ್ಮ ಮನ್ಯಾಗ ಜಾಗಾ ಇಲ್ಲ,” ಎಂದು ಸಾಬವ್ವ ಕೇಳಿದಳು.

“ಒಟ್ಟು ಬೇ. ಓಣ್ಯಾನವರೆಲ್ಲಾ ಒಟ್ಲಿ. ಗೋಡಿಗೆ ಏನಾರ ಹತ್ತಿ ಇದ್ರ ಮನಿ ತುಂಬಿದಂಗ ಕಾಣ್ತದ.”

ಹೀಗಾಗಿ ಇಡೀ ಓಣಿಯ ಉರುವಲು ಆ ಮನೆಯ ಹಿಂಗೋಡೆಗೆ ಒರಗಿ, ಕಿಟಕಿಯ ಎತ್ತರಕ್ಕೆ ಬೆಳೆಯಿತು.

ಆಳಂದದಲ್ಲಿ ಅವರ ನೆರೆಯವಳು ಮಧುಮತಿ. ಮಹಿಳಾ ಸಂಘದ ಪರವಾಗಿ ಬ್ಯಾಂಕ್ ಸಖಿಯಾಗಿ ದುಡಿಯುವವಳು. ಮುಜೀಬ ಊರಿನ ಮನೆಗೆ ವಿಮೆ ಮಾಡಿಸಬೇಕೆಂದಾಗ ಅವಳೇ ಅರ್ಜಿ ತಂದು, ಒಂದೊಂದೇ ಪ್ರಶ್ನೆ ಓದಿ ತುಂಬತೊಡಗಿದಳು.

“ಮನಿಯೊಳಗ ಯಾರು ಇರ್ತಾರ ಅಂತ ಕೇಳ್ಯಾರ.”

“ನಾವೇ ಇರ್ತೇವ ಅಂತ ಬರಿ,” ಎಂದರು ಖುರ್ಷಿದಬೇಗಂ.

“ನೀವು ಇಲ್ಲಿ ನನ್ನ ಮುಂದ ಕುಂತೀರಲ್ರಿ ಬೇಗಮ್ಮಾ! ಅಲ್ಲಿ ಹ್ಯಾಂಗ ಇರ್ತೀರಿ?”

“ನನ್ನ ಜೀವ ಅಲ್ಲೇ ಅದ.”

“ಕಂಪನಿಯವರು ಜೀವ ಎಲ್ಲದ ಅಂತ ಕೇಳಂಗಿಲ್ರಿ. ಮೈ ಎಲ್ಲದ ಅಂತ ಕೇಳ್ತಾರ.”

ಮಸರತ ಸೆರಗಿನಲ್ಲಿ ನಗು ಅಡಗಿಸಿದಳು. ಖುರ್ಷಿದಬೇಗಂ ನಗಲಿಲ್ಲ. ಮಧುಮತಿ ದನಿ ತಗ್ಗಿಸಿ ತಿಳಿಸಿದಳು:

“ಕೀಲಿ ಹಾಕಿದ ಮನಿಗೂ ಇನ್ಸೂರೆನ್ಸ್ ಸಿಗ್ತದರಿ. ಬಾಡಿಗಿ ಕೊಟ್ಟ ಮನಿಗೂ ಸಿಗ್ತದ. ಖರೆ, ಹಂಗಂತ ಮೊದಲೇ ಹೇಳಬೇಕು. ಕಂತು ಒಂದೀಟು ಹೆಚ್ಚಾಗಬಹುದು, ಒಂದೆರಡು ಶರತ್ತು ಹಾಕಬಹುದು. ಮುಚ್ಚಿಟ್ರ ಮಾತ್ರ, ನುಕಸಾನ ಆದ ದಿನ ಕೈ ಎತ್ತಿಬಿಡ್ತಾರ.”

“ನನ್ನ ಮನಿ ಖಾಲಿ ಅದ ಅಂತ ಕಾಗದದ ಮ್ಯಾಲ ಬರೀತಿಯೇನ ಬೇ? ಆ ಮಾತು ನನ್ನ ಮನಿಗಿ ತಟ್ಟೂದು ಬ್ಯಾಡ.”

“ಹೋಗ್ಲಿ ಬಿಡ್ರಿ ಅಕ್ಕಾ, ಅಮ್ಮಾ ಅಂದಂಗ ಬರೀರಿ,” ಎಂದ ಮುಜೀಬ. “ಅಷ್ಟು ದೂರ ಯಾರು ಬಂದು ನೋಡ್ತಾರ?”

“ಸುಳ್ಳ ನಾ ಬರಿಯಂಗಿಲ್ಲ, ಮುಜೀಬಣ್ಣ,” ಎಂದು ಮಧುಮತಿ ಪೆನ್ನು ಕೆಳಗಿಟ್ಟಳು. ಅದನ್ನು ಮುಜೀಬ ಎತ್ತಿಕೊಂಡ. ‘ಮಾಲೀಕರ ಕುಟುಂಬ ವಾಸವಾಗಿದೆ’ ಎಂದು ತಾನೇ ಬರೆದು ಸಹಿ ಮಾಡಿ, ಮರುದಿನ ತಾನೇ ಹೋಗಿ ಕಂಪನಿಗೆ ಕೊಟ್ಟು ಪಾಲಿಸಿ ಮಾಡಿಸಿಕೊಂಡು ಬಂದ.

ಏಪ್ರಿಲ್ ತಿಂಗಳ ಒಂದು ಗುರುವಾರ, ಮಧ್ಯಾಹ್ನದ ಬಿಸಿಗಾಳಿಯಲ್ಲಿ, ಅಂದೋಲಾದ ಓಣಿಯವರೊಬ್ಬರು ಕಸಕ್ಕೆ ಹಚ್ಚಿದ ಬೆಂಕಿ ತೊಗರಿ ಕಟ್ಟಿಗೆಗೆ ಹಾರಿತು. ಮನೆಯೊಳಗೆ ಜನರಿದ್ದಿದ್ದರೆ ಮೊದಲ ಹೊಗೆಗೇ ಎದ್ದು ಬಂದು ಆರಿಸುತ್ತಿದ್ದರು. ಯಾರೂ ಇರಲಿಲ್ಲ. ಬೆಂಕಿ ಕಿಟಕಿಯನ್ನು ಸುಟ್ಟು ಒಳಗೆ ಹೊಕ್ಕು ತೊಲೆಗಳನ್ನು ಹಿಡಿಯಿತು. ಕಾವಿಗೆ ಛತ್ತಿನ ಫರಸಿಗಳು ಒಂದೊಂದಾಗಿ ಸಿಡಿಯತೊಡಗಿದವು.

ಅಂದು ನೀರು ಬದಲಿಸುವ ದಿನ. ಕೀಲಿಕೈ ಸಾಬವ್ವನ ಸೆರಗಿನ ಗಂಟಿನಲ್ಲೇ ಇತ್ತು. ಬೇಗಮ್ಮನ ಕೊಡವನ್ನಾದರೂ ಉಳಿಸುತ್ತೇನೆಂದು ಅವಳು ಬಾಗಿಲು ತೆರೆದು ಒಳಗೆ ಓಡಿದಳು. ಛತ್ತಿನ ಕಲ್ಲೊಂದು ಕಳಚಿ ಅವಳ ಕಾಲ ಮೇಲೆ ಬಿತ್ತು. ಓಣಿಯವರು ಎಳೆದು ಹೊರತಂದರು. ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಖುರ್ಷಿದಬೇಗಂ ಆಳಂದದಿಂದ ಬಂದಾಗ ಸಾಬವ್ವ ಆಸ್ಪತ್ರೆಯಿಂದ ಮನೆಗೆ ಮರಳಿ ಹೊರಸಿನ ಮೇಲೆ ಮಲಗಿದ್ದಳು.

“ಕೊಡ ತರಾಕ ಆಗಲಿಲ್ರಿ ಬೇಗಮ್ಮಾ,” ಎಂದಳು.

ಖುರ್ಷಿದಬೇಗಂ ಅವಳ ಪಟ್ಟಿ ಕಟ್ಟಿದ ಪಾದವನ್ನು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡು ಕುಳಿತರು. ಸಂಜೆಯವರೆಗೆ ಏಳಲಿಲ್ಲ. ಗೋಡೆಯಾಚೆ ಅವರ ಮನೆಯ ಹಿಂದಿನ ಎರಡು ಅಂಕಣ ನೆಲಸಮವಾಗಿದ್ದವು.

ಮುಂದಿನ ವಾರ ವಿಮಾ ಕಂಪನಿಯ ಪರವಾಗಿ ಹಾನಿಯ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದ. ಸುತ್ತಲೂ ನೋಡಿ ಫೋಟೊ ತೆಗೆದ.

“ಮನಿಗೆ ಕೀಲಿ ಹಾಕಿ ಎಷ್ಟು ದಿನ ಆಯ್ತ್ರಿ?”

“ಇಲ್ರಿ ಸಾಹೇಬ್ರ, ನಾವು ಇರ್ತೇವ್ರಿ. ಹೋಗಿ ಬಂದು ಮಾಡ್ತೇವಿ,” ಎಂದ ಮುಜೀಬ.

ಅಧಿಕಾರಿ ಮುಂಬಾಗಿಲ ಪಕ್ಕದ ಮೀಟರಿನ ಧೂಳು ಒರೆಸಿದ. “ನೀವು ಲೈನ್‌ಮನ್ ಅಂತೀರಿ. ಹಳೇ ಬಿಲ್ಲೂ ನಿಮ್ಮ ಕೈಯಾಗೇ ಅದ. ನೀವೇ ಓದಿ ಹೇಳ್ರಿ.”

ಮುಜೀಬ ಮೀಟರನ್ನೂ ಬಿಲ್ಲನ್ನೂ ಓದಿದ. ಹದಿನೆಂಟು ತಿಂಗಳಿಂದ ಅಂಕಿ ಕದಲಿರಲಿಲ್ಲ. ಊರೂರಿನ ಮೀಟರು ನೋಡುವ ಮನುಷ್ಯ ತನ್ನ ಮನೆಯ ಮೀಟರಿನ ಮುಂದೆ ತಲೆ ತಗ್ಗಿಸಿ ನಿಂತ.

ತಿಂಗಳೊಳಗೆ ಪತ್ರ ಬಂತು. ವಾಸದ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟಿರುವುದರಿಂದ ಪರಿಹಾರ ಕೊಡಲಾಗದು ಎಂದು ಅದರಲ್ಲಿತ್ತು.

ಆ ಸಂಜೆ ಮಧುಮತಿ ಬಂದಳು. ಖುರ್ಷಿದಬೇಗಂ ಮುಖ ಎತ್ತಲಿಲ್ಲ.

“ಬಾ ಬೇ. ನಾ ಹೇಳಿದ್ನಿಲ್ಲ ಅನ್ನಾಕ ಬಂದಿಯೇನು?”

“ಇಲ್ರಿ. ಮುಂದಿನ ಎರಡು ಅಂಕಣ ಇನ್ನೂ ನಿಂತಾವ. ಮಳಿಗಾಲ ಬರಾಕತ್ತೇದ. ಅದರ ಫಿಕರ್ ಮಾಡಾಕ ಬಂದೇನಿ.”

ಮೊದಲು ಗೌಂಡಿಯನ್ನು ಕರೆಸಿ ಮುರಿದ ಬದಿಯನ್ನು ಭದ್ರವಾಗಿ ಮುಚ್ಚಿಸಬೇಕೆಂದಳು. ಗೋಡೆಗೆ ಒಂದು ಕಡ್ಡಿಯೂ ಒರಗಿರಬಾರದು, ಮೇನ್ ಸ್ವಿಚ್ ಬಂದ್ ಇರಬೇಕು. ನಂಬಿಗಸ್ತರೊಬ್ಬರು ವಾರಕ್ಕೊಮ್ಮೆ ನೋಡಿ, ತಾರೀಖಿನ ಸಮೇತ ಬರೆದಿಟ್ಟು, ಮೊಬೈಲಿನಲ್ಲಿ ಒಂದು ಫೋಟೊ ಕಳಿಸಬೇಕು. ಆಮೇಲೆ ಹೊಸ ಅರ್ಜಿ.

“ಖರೇ ಹೇಳಿದ್ರ ಕಂಪನಿಯವರು ಒಲ್ಲೆ ಅಂದ್ರ?” ಎಂದು ಮುಜೀಬ ಕೇಳಿದ.

“ಇನ್ನೊಂದು ಕಂಪನಿ ಕೇಳೋಣು. ಒಲ್ಲೆ ಅನ್ನೂದಿದ್ರ ಈಗೇ ಅನ್ಲಿ ಅಣ್ಣಾ. ಬೆಂಕಿ ಹತ್ತಿದ ಮ್ಯಾಲ ಅನ್ನೂದು ಬ್ಯಾಡ.”

“ನನ್ನ ಕೊಡ? ನನ್ನ ಜೋಳ?” ಎಂದರು ಖುರ್ಷಿದಬೇಗಂ.

“ಇಡ್ರಿ ಬೇಗಮ್ಮಾ. ಅದು ನಿಮ್ಮ ನಂಬಿಗಿ. ಮೂಲ್ಯಾಗ ಕೊಡ ಇರ್ಲಿ, ಕಾಗದದಾಗ ಖರೆ ಇರ್ಲಿ.”

ಗೌಂಡಿಯ ಕೆಲಸ ಮುಗಿದ ಮೇಲೆ ಮಧುಮತಿ ಅರ್ಜಿ ಹಿಡಿದು ಕುಳಿತಳು. ಅದೇ ಪ್ರಶ್ನೆ ಮತ್ತೆ ಬಂತು. ಮುಜೀಬ ತಾಯಿಯತ್ತ ನೋಡಿದ. ಖುರ್ಷಿದಬೇಗಂ ತಮ್ಮ ಅಂಗೈಗಳನ್ನು ನೋಡಿಕೊಂಡರು. ಗಣಿಯ ಕಾಲದ ಗಾಯದ ಗುರುತುಗಳು ಅಲ್ಲಿ ಇನ್ನೂ ಇವೆ.

“ತುಂಬೇದ ತುಂಬೇದ ಅಂತ ನಾ ಅಂದೆ. ಸಾಬವ್ವ ಅದನ್ನ ನಂಬಿ ಬೆಂಕ್ಯಾಗ ಹೋದಳು,” ಎಂದರು. “ಬರಿ ಬೇ. ಯಾರೂ ಇಲ್ಲ. ನನ್ನ ಮನಿ ಖಾಲಿ ಅದ.”

ಮಧುಮತಿ ಬರೆದಳು. ಕಂತು ತುಸು ಹೆಚ್ಚಾಯಿತು. ಮಾಲೀಕರು ವಾಸವಿಲ್ಲವೆಂಬುದನ್ನು ಕಂಪನಿ ಪಾಲಿಸಿಯಲ್ಲಿಯೇ ನಮೂದಿಸಿ ಕೊಟ್ಟಿತು. ಬಿದ್ದ ಎರಡು ಅಂಕಣಗಳು ಬಿದ್ದೇ ಇವೆ. ಸಾಬವ್ವ ಕೋಲು ಹಿಡಿದು ನಡೆಯುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಆಳಂದ, ಅಫಜಲಪುರ, ಜೇವರ್ಗಿಯ ಯಾವ ಓಣಿಗೆ ಹೋದರೂ ಕೀಲಿ ಹಾಕಿದ ಒಂದು ಮನೆ ಇದ್ದೇ ಇರುತ್ತದೆ. ಅದು ನಿಮ್ಮದಾಗಿದ್ದರೆ ಪಾಲಿಸಿಯನ್ನು ಇಂದೇ ಹೊರತೆಗೆಯಿರಿ. ಮನೆ ಎಷ್ಟು ದಿನ ಜನರಿಲ್ಲದೆ ಇರಬಹುದೆಂದು ಅದರಲ್ಲಿ ಹುಡುಕಿರಿ. ಹಲವು ಪಾಲಿಸಿಗಳಲ್ಲಿ ಅದು ಮೂವತ್ತೇ ದಿನ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿರಿ. ಮನೆಗೆ ಕೀಲಿ ಹಾಕಿದರೂ, ಬಾಡಿಗೆಗೆ ಕೊಟ್ಟರೂ, ಅದರಲ್ಲಿ ಕಾಳುಕಡಿ ತುಂಬಿದರೂ ಕಂಪನಿಗೆ ಬರೆದು ತಿಳಿಸಿರಿ, ತಿಳಿಸಿದ್ದಕ್ಕೆ ಪೋಚು, ಅಂದರೆ ಸ್ವೀಕೃತಿ ಚೀಟಿ, ಪಡೆಯಿರಿ. ಏಳು ಬೇಸಿಗೆ ಹೊತ್ತು ತಂದ ಮನೆಯನ್ನು ಒಂದು ಸುಳ್ಳು ಸಾಲು ಕಾಯಲಾರದು.

ಸಿಡಿದು ಬಿದ್ದ ಕಲ್ಲುಗಳಲ್ಲಿ ಒಂದನ್ನು ಖುರ್ಷಿದಬೇಗಂ ಆಳಂದಕ್ಕೆ ತಂದು, ಬಾಡಿಗೆ ಮನೆಯ ಬಾಗಿಲ ಪಕ್ಕದಲ್ಲಿ ಹಾಸಿದ್ದಾರೆ. ಮೊನ್ನೆ ಶಾಲೆಯಿಂದ ಬಂದ ನೂರೀನ ಅದರ ಮೇಲೆ ಕುಳಿತು, ಮುರಿದ ಮೂಲೆಯನ್ನು ಬೆರಳಿನಿಂದ ಸವರುತ್ತ ಕೇಳಿದಳು:

“ದಾದೀ, ಅಬ್ಬಾನ್ನ ಬೆನ್ನಿಗಿ ಕಟಗೊಂಡು ಬಂಡಿ ಹಿಂದ ನಡದು ಬಂದ್ರಲ್ಲ, ಅದು ಇನ್ನೊಮ್ಮೆ ಹೇಳ್ರಿ.”